ಮುಟ್ಟಿದ ಕಾಯಿ ನಡೆಸಬೇಕು

ಚೆಸ್ ಪಂದ್ಯಾವಳಿ ನಡೆಸುವ ಕೆಲಸಕ್ಕೆ ಹೊಸದಾಗಿ ಸೇರಿರುವ ಇಬ್ಬರು ಹುಡುಗಿಯರು ಕಳೆದ ತಿಂಗಳು ಡೆಟ್ರಾಯಿಟ್ ಹತ್ತಿರದ ನಾರ್ತ್‌ವಿಲ್‌ನ ನಮ್ಮ ಮನೆಗೆ ಬಂದಿದ್ದರು. ಕಾಫಿ ಕುಡಿದು, ಚಕ್ಕುಲಿ ಮುಗಿಸಿ, ಕೊನೆಗೆ ಒಬ್ಬಳು ನೋಟ್‌ಬುಕ್ ತೆರೆದು, "ಆಂಟಿ, ಈ ಕೆಲಸಕ್ಕೆ ಮೇನ್ ಆಗಿ ಏನು ಬೇಕು?" ಎಂದು ಕೇಳಿದಳು. "ಸದ್ದು ಮಾಡದ ಶೂಸ್" ಎಂದೆ. ಪಾಪ, ಅದನ್ನೂ ಬರೆದುಕೊಂಡಳು. ಮೂವತ್ತು ವರ್ಷ ಮಾಡಿದ ಕೆಲಸದ ಬಗ್ಗೆ ಬರೀ ಶೂ ವಿಚಾರ ಹೇಳಿ ಕಳಿಸಿಬಿಟ್ಟೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಆದ್ದರಿಂದ ಈಗ ಕೂತು ಬರೆಯುತ್ತಿದ್ದೇನೆ.

ನಾನು ಟೂರ್ನಮೆಂಟ್ ಡೈರೆಕ್ಟರ್ ಆಗಿದ್ದೆ. ಫೋನಿನಲ್ಲಿ ಈ ಮಾತು ಹೇಳಿದಾಗ ಮೈಸೂರಿನ ನಮ್ಮ ಚಿಕ್ಕಮ್ಮ, "ಯಾವ ಪಿಕ್ಚರ್‌ದೇ? ಹೀರೋ ಯಾರು?" ಎಂದು ಸಂಭ್ರಮದಿಂದ ಕೇಳಿದ್ದರು. ಹೀರೋ ಯಾರೂ ಇಲ್ಲ. ಯಾರು ಯಾರ ಎದುರು ಕೂರಬೇಕೆಂದು ಗೊತ್ತುಮಾಡುವುದು, ಗಡಿಯಾರ ನೋಡುವುದು, ಜಗಳ ಬಂದ ಮೇಜಿನ ಬಳಿ ಹೋಗಿ ನಿಂತು ತೀರ್ಪು ಹೇಳುವುದು, ಇಷ್ಟೇ ಕೆಲಸ. ಡೆಟ್ರಾಯಿಟ್ ಮತ್ತು ಶಿಕಾಗೋ ಸುತ್ತಿನ ಹೋಟೆಲುಗಳ ಸಭಾಂಗಣಗಳಲ್ಲಿ, ಲೈಬ್ರರಿಗಳಲ್ಲಿ, ಶಾಲೆಗಳ ಊಟದ ಹಾಲ್‌ಗಳಲ್ಲಿ ನನ್ನ ಶನಿವಾರ ಭಾನುವಾರಗಳೆಲ್ಲ ಕಳೆದವು. ಯಾವ ಹೋಟೆಲಿನ ಕಾರ್ಪೆಟ್ ಯಾವ ಬಣ್ಣದ್ದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಎಷ್ಟು ಸಂತೋಷವಾಗಿತ್ತೆಂದರೆ, ಸೋಮವಾರ ಬಂದರೆ ಬೇಜಾರಾಗುತ್ತಿತ್ತು.

ಈ ಕೆಲಸಕ್ಕೆ ನಾನು ಬಂದದ್ದು ಬೇಜಾರಿನಿಂದಲೇ. ನಮ್ಮವರು ಕಾರಿನ ಬ್ರೇಕು ವಿನ್ಯಾಸ ಮಾಡುವ ಇಂಜಿನಿಯರ್. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಕೆಲಸ ಮಾಡಲು ಪರ್ಮಿಷನ್ ಇಲ್ಲದ ವೀಸಾದಲ್ಲಿ ಬಂದು, ಮನೆಯಲ್ಲಿ ಕಿಟಕಿ ಲೆಕ್ಕ ಹಾಕುತ್ತ ಕೂತಿದ್ದೆ. ಲೈಬ್ರರಿಯಲ್ಲಿ ಗುರುವಾರ ಸಂಜೆ ಚೆಸ್ ಇದೆಯೆಂದು ತಿಳಿದು ಹೋದೆ. ಆಟ ನಮ್ಮ ಅಜ್ಜಿ ಕಲಿಸಿದ್ದು. ಸುಮಾರಾಗಿ ಆಡುತ್ತಿದ್ದೆ. ಆದರೆ ಅಲ್ಲಿ ಜೋಡಿ ಹಾಕುತ್ತಿದ್ದ ಮುದುಕರೊಬ್ಬರು ಮಾಡಿದ ತಪ್ಪೊಂದನ್ನು ನಿಂತ ನಿಲುವಿನಲ್ಲೇ ತೋರಿಸಿಬಿಟ್ಟೆ. ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿ, ಕೈಯಲ್ಲಿದ್ದ ಆಟಗಾರರ ಹೆಸರಿನ ಕಾರ್ಡುಗಳ ಕಟ್ಟನ್ನು ನನಗೇ ಕೊಟ್ಟರು. ಆಮೇಲೆ ವಾಪಸ್ ತೆಗೆದುಕೊಳ್ಳಲೇ ಇಲ್ಲ. ವೀಸಾ ಸರಿಹೋಗುವ ತನಕ ಪುಕ್ಕಟೆ ದುಡಿದೆ, ಆಮೇಲೆ ಅದೇ ನನ್ನ ವೃತ್ತಿಯಾಯಿತು.

ಅವರೇ ಓಟ್ಟೋ. ನನ್ನ ಮೊದಲ ಮೇಲಧಿಕಾರಿ, ಕೊನೆಯವರೂ ಹೌದು. ಅವರ ನಂತರ ಬಂದವರನ್ನು ಯಾರನ್ನೂ ನನ್ನ ಮನಸ್ಸು ಮೇಲಧಿಕಾರಿ ಎಂದು ಒಪ್ಪಲಿಲ್ಲ. ಹುಟ್ಟಿದ್ದು ವಿಯೆನ್ನಾದಲ್ಲಿ. ಅವರ ತಂದೆ ಅಲ್ಲಿನ ಒಂದು ಕಾಫಿಹೌಸಿನಲ್ಲಿ ಸಪ್ಲೈಯರ್. ಆ ಕಾಫಿಹೌಸಿನ ಮೂಲೆಯ ಮೇಜಿನಲ್ಲಿ ಆಸ್ಟ್ರಿಯಾದ ಒಬ್ಬ ಚೆಸ್ ಮಾಸ್ಟರ್ ದಿನವಿಡೀ ಕೂರುತ್ತಿದ್ದರಂತೆ. ಆ ಮಾಸ್ಟರರ ಹೆಸರನ್ನು ಓಟ್ಟೋ ಹೇಳುತ್ತಲೇ ಇರಲಿಲ್ಲ. "ನಮ್ಮ ಮಾಸ್ಟರ್" ಎನ್ನುವರು, ಲೋಕದಲ್ಲಿ ಇನ್ನೊಬ್ಬರಿಲ್ಲವೇನೋ ಎಂಬಂತೆ. ಬಂದ ಗಿರಾಕಿಗಳ ಜೊತೆ ಆಡಿ ಮಧ್ಯಾಹ್ನದ ಊಟ ಸಂಪಾದಿಸುವುದು, ಪತ್ರಿಕೆಗೆ ವಾರಕ್ಕೊಂದು ಒಗಟು ಬರೆಯುವುದು, ವರ್ಷಕ್ಕೆರಡು ಸಲ ಮೂರನೇ ಕ್ಲಾಸು ರೈಲಿನಲ್ಲಿ ಪರದೇಶದ ಪಂದ್ಯಕ್ಕೆ ಹೋಗಿ ನಾಲ್ಕನೆಯವರಾಗಿಯೋ ಐದನೆಯವರಾಗಿಯೋ ಬರುವುದು, ಇದು ಅವರ ವೃತ್ತಿ. ಪ್ರಪಂಚ ಗೆದ್ದವರಲ್ಲ. ಆದರೆ ಓಟ್ಟೋ ಪಾಲಿಗೆ ಅವರು ಕಾನೂನು ಪುಸ್ತಕ.

ನಿಯಮಗಳನ್ನು ಓಟ್ಟೋ ನನಗೆ ಪುಸ್ತಕದಿಂದ ಕಲಿಸಲಿಲ್ಲ, ಆ ಮಾಸ್ಟರರ ಬದುಕಿನಿಂದ ಕಲಿಸಿದರು. ಒಂದು ಜನವರಿ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ಹೋಟೆಲಿನಲ್ಲಿ ಹೀಟಿಂಗ್ ಕೆಟ್ಟಿತು. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಪಂದ್ಯ ರದ್ದು ಮಾಡಿ ಎಂದು ಜನ ಕೂಗಾಡಿದರು. ಓಟ್ಟೋ ಮೈಕ್ ಹಿಡಿದು, "ಯುದ್ಧ ಮುಗಿದ ನಂತರದ ಚಳಿಗಾಲ ನಮ್ಮ ಕಾಫಿಹೌಸಿನಲ್ಲಿ ಕಲ್ಲಿದ್ದಲು ಇರಲಿಲ್ಲ. ನಮ್ಮ ಮಾಸ್ಟರ್ ಓವರ್‌ಕೋಟು, ಗ್ಲೌಸು ಹಾಕಿಕೊಂಡು ಆಡಿದರು. ಕುದುರೆ ಎತ್ತುವುದಕ್ಕೆ ಎರಡು ಬೆರಳು ಸಾಕು. ಗಡಿಯಾರ ಶುರು ಮಾಡಿ" ಎಂದರು. ಎಲ್ಲರೂ ಕೋಟು ಹಾಕಿಕೊಂಡು ತೆಪ್ಪಗೆ ಆಡಿದರು. ನಾನು ಸೀರೆಯ ಮೇಲೆ ನಮ್ಮವರ ಜಾಕೆಟ್ ಹಾಕಿಕೊಂಡು ಓಡಾಡಿದೆ.

ನಾನು ಮಾಡಿದ ದೊಡ್ಡ ತಪ್ಪೂ ಆ ಮಾಸ್ಟರರದೇ ಕೃಪೆ. ಅವರ ಆಟಗಳನ್ನು ಬರೆದಿಟ್ಟಿದ್ದ ಹಳೆಯ ನೋಟ್‌ಬುಕ್ ಒಂದನ್ನು ಓಟ್ಟೋ ನನಗೆ ಕೊಟ್ಟು, ಲೈಬ್ರರಿಯಲ್ಲಿ ಒಂದು ಆಟ ವಿವರಿಸಲು ಹೇಳಿದರು. ಗೋಡೆಗೆ ತೂಗುಹಾಕಿದ ದೊಡ್ಡ ಹಲಗೆ, ಎದುರಿಗೆ ಲೈಬ್ರರಿ ತುಂಬ ಜನ. ನಡೆಗಳನ್ನು ಬರೆದದ್ದು ಜರ್ಮನ್ ಅಕ್ಷರಗಳಲ್ಲಿ. ಮುಖ್ಯವಾದವನ್ನು ಮೊದಲೇ ಉರುಹಚ್ಚಿಕೊಂಡಿದ್ದೆ. ನಡುವೆ ಒಂದು ಕಡೆ ‘ಬಿ’ ಎಂದಿತ್ತು. ಬಿ ಎಂದರೆ ಬಿಷಪ್ ತಾನೆ? ನಮ್ಮ ಒಂಟೆ. ಧೈರ್ಯವಾಗಿ ಒಂಟೆ ನಡೆಸಿದೆ. ಅಲ್ಲಿಂದ ಮುಂದೆ ಒಂದು ನಡೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮಾಸ್ಟರರು ಮಂತ್ರಿಯನ್ನು ಸುಮ್ಮನೆ ಕೊಟ್ಟರು, ಎದುರಾಳಿ ಅದನ್ನು ತೆಗೆದುಕೊಳ್ಳಲಿಲ್ಲ. ನಾನು, "ಎಷ್ಟು ಆಳವಾದ ಯೋಚನೆ ನೋಡಿ!" ಎಂದೆ. ಮುಂದಿನ ಸಾಲಿನವರೊಬ್ಬರು, "ಇಬ್ಬರೂ ಕುಡಿದಿದ್ದರಾ?" ಎಂದು ಕೇಳಿದರು. ಹಿಂದೆ ಕೂತಿದ್ದ ಓಟ್ಟೋಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಜರ್ಮನ್‌ನಲ್ಲಿ ಬಿ ಎಂದರೆ ಬೌವರ್, ಅಂದರೆ ರೈತ. ನಾವು ಕಾಲಾಳು ಎನ್ನುವುದನ್ನು ಅವರು ರೈತ ಎನ್ನುತ್ತಾರೆ. ಪಾಪದ ರೈತ ಒಂದು ಹೆಜ್ಜೆ ಇಡುವಲ್ಲಿ ನಾನು ಒಂಟೆ ಓಡಿಸಿದ್ದೆ.

ಆ ದಿನಗಳಲ್ಲಿ ಪ್ರತಿ ಆಟಗಾರರಿಗೂ ಒಂದೊಂದು ಕಾರ್ಡ್. ಸುತ್ತು ಮುಗಿದ ಕೂಡಲೇ ಅವನ್ನು ನೆಲದ ಮೇಲೆ ಹರಡಿ, ಗೆದ್ದವರನ್ನು ಒಂದು ಕಡೆ, ಸೋತವರನ್ನು ಒಂದು ಕಡೆ ಮಾಡಿ, ಮಂಡಿಯೂರಿ ಜೋಡಿ ಹಾಕುತ್ತಿದ್ದೆವು. ಒಮ್ಮೆ ಯಾರೋ ಬಾಗಿಲು ತೆರೆದು ಗಾಳಿ ನುಗ್ಗಿ ಇಡೀ ಪಂದ್ಯಾವಳಿ ಹೋಟೆಲಿನ ಲಾಬಿಯಲ್ಲಿ ಹಾರಾಡಿತು. ಆಮೇಲೆ ಕಂಪ್ಯೂಟರ್ ಬಂತು, ಈಗ ಫೋನಿನಲ್ಲೇ ಎಲ್ಲ ಬರುತ್ತದೆ. ಒಳ್ಳೆಯದೇ. ನನ್ನ ಮಂಡಿ ಉಳಿಯಿತು. ಆದರೆ ಮೈಕಿನಲ್ಲಿ "ಆದಿತ್ಯ ಬರಬೇಕು" ಎಂದರೆ ನಾಲ್ಕು ಹುಡುಗರೂ ಅವರ ಜೊತೆ ಒಬ್ಬ ಅಪ್ಪನೂ ಎದ್ದು ನಿಲ್ಲುವುದನ್ನು ಯಾವ ಕಂಪ್ಯೂಟರೂ ತಪ್ಪಿಸಲಿಲ್ಲ.

ನಮ್ಮ ಜನ ಹೆಚ್ಚಾದ ಹಾಗೆ ದೂರುಗಳ ಬಣ್ಣವೂ ಬದಲಾಯಿತು. ಪಾಲಕರಿಗೆ ಆಟದ ಹಾಲ್ ಒಳಗೆ ಪ್ರವೇಶವಿಲ್ಲ, ಗಾಜಿನ ಬಾಗಿಲ ಹೊರಗೆ ನಿಲ್ಲಬೇಕು. ಒಮ್ಮೆ ಒಬ್ಬ ತಂದೆ ಓಡಿಬಂದು, ಗಾಜಿನಾಚೆ ನಿಂತ ಹೆಂಗಸು ಮಗನಿಗೆ ಕೈಸನ್ನೆ ಮಾಡಿ ನಡೆ ಹೇಳಿಕೊಡುತ್ತಿದ್ದಾಳೆ ಎಂದು ದೂರು ಕೊಟ್ಟರು. ಹೋಗಿ ನೋಡಿದೆ. ಆಕೆ ಐದು ಬೆರಳು ಜೋಡಿಸಿ ಬಾಯಿಯ ಹತ್ತಿರ ತಂದು ತಂದು ತೋರಿಸುತ್ತಿದ್ದರು. "ಇದು ಆನೆಯ ನಡೆಯಲ್ಲ, ಉಪ್ಪಿಟ್ಟಿನ ವಿಷಯ" ಎಂದು ದೂರು ವಜಾ ಮಾಡಿದೆ.

ಇನ್ನು ಖಾದರ್ ಸಾಹೇಬರ ವಿಷಯ ಹೇಳಬೇಕು. ಹೇಳಬೇಕೆಂದೇ ಇಷ್ಟೆಲ್ಲ ಬರೆದೆ ಎಂದರೂ ಸುಳ್ಳಲ್ಲ.

ಖಾದರ್ ಸಾಹೇಬರು ಗದಗದವರು. ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡ್‌ನಲ್ಲಿ ಬಟ್ಟೆ ಆಲ್ಟರೇಷನ್ ಅಂಗಡಿ. ಮದುವೆಯ ಗೌನು, ಸೂಟು, ಪ್ಯಾಂಟಿನ ಉದ್ದ ಇವನ್ನೆಲ್ಲ ಮೈಗೆ ಹೊಂದಿಸಿ ಕೊಡುವುದು ಅವರ ಕಸುಬು. ವಯಸ್ಸು ಅರವತ್ತು ದಾಟಿದ ಮೇಲೆ ಪಂದ್ಯಗಳಿಗೆ ಬರತೊಡಗಿದರು. ಅವರ ಮೊದಲ ಆಟದಲ್ಲೇ ನನ್ನನ್ನು ಕರೆದರು. ಹೋಗಿ ನೋಡಿದರೆ ಸಾಹೇಬರ ರಾಜ ಕುದುರೆಯ ಹಾಗೆ ನೆಗೆದು ಎರಡು ಮನೆ ಆಚೆ ಕೂತಿದ್ದಾನೆ. ಎದುರಾಳಿ ಬಾಯಿ ಬಿಟ್ಟುಕೊಂಡು ಕೂತಿದ್ದಾನೆ.

"ಯಾಕ್ರಿ ಅಕ್ಕಾರ? ಅರಸಗ ಒಮ್ಮೆ ಕುದುರಿ ಜಿಗಿತ ಐತಲ್ರೀ?" ಎಂದು ಅವರು ನನ್ನನ್ನೇ ಕೇಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮ ಅಜ್ಜಿಯೂ ಹಾಗೆಯೇ ಆಡುತ್ತಿದ್ದಳು. ಇನ್ನೂ ಶಹ, ಅಂದರೆ ಚೆಕ್, ಬೀಳದ ರಾಜ ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು ಎಂಬುದು ನಮ್ಮ ಕಡೆಯ ಹಳೆಯ ನಿಯಮ. ಡೆಸ್ ಪ್ಲೇನ್ಸ್‌ನಲ್ಲಿ ಅದು ನಡೆಯುವುದಿಲ್ಲವಲ್ಲ. "ಸಾಹೇಬ್ರೇ, ಅದು ನಮ್ಮೂರಲ್ಲಿ. ಇಲ್ಲಿ ರಾಜನಿಗೆ ವಯಸ್ಸಾಗಿದೆ, ನೆಗೆಯೋ ಹಾಗಿಲ್ಲ" ಎಂದು ವಾಪಸ್ ಇಡಿಸಿದೆ. ಅವರು ಆ ಆಟ ಸೋತರು, ಮುಂದಿನ ಶನಿವಾರ ಮತ್ತೆ ಬಂದರು.

ಹೀಗೆ ವರ್ಷಗಳು ಬಂದರು. ಆಟ ಸುಧಾರಿಸಿತು. ಅವರಿಗೊಂದೇ ಹಂಬಲ, ಮಾಸ್ಟರ್ ಎಂಬ ಬಿರುದಿರುವ ಆಟಗಾರನನ್ನು ಜನ್ಮದಲ್ಲಿ ಒಮ್ಮೆ ಸೋಲಿಸಬೇಕು. ತೊಂದರೆಯೆಂದರೆ ಆಲ್ಟರೇಷನ್ ಅಂಗಡಿಗೆ ಶನಿವಾರವೇ ಜಾತ್ರೆ. ಆ ಜಾತ್ರೆಯನ್ನು ಅವರ ಹೆಂಡತಿ ಜೈನಾಬಿ ಒಬ್ಬರೇ ನಿಭಾಯಿಸಬೇಕಿತ್ತು. ಅಂಗಡಿಗೆ ರಜೆಯಿರುವ ಭಾನುವಾರ ಮಾತ್ರ ಅವರು ಗಂಡನ ಊಟದ ಡಬ್ಬಿ ಹಿಡಿದು ಹೋಟೆಲಿಗೆ ಬರುತ್ತಿದ್ದರು. ಒಂದು ಜನವರಿಯಲ್ಲಿ ಲಾಬಿಯಲ್ಲಿ ನನ್ನನ್ನು ಸಾಕ್ಷಿಗೆ ನಿಲ್ಲಿಸಿಕೊಂಡು ಗಂಡನಿಗೆ ಹೇಳಿದರು:

"ಶನಿವಾರ ಅಂಗಡ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ. ಒಬ್ಬಾಕಿ ಗೌನ್ ಬಿಗಿ ಅಂತಾಳ, ಒಬ್ಬಾಕಿ ಸಡ್ಲ ಅಂತಾಳ. ನೀವಿಲ್ಲಿ ಕಟ್ಟಿಗಿ ಕುದುರಿ ಓಡಿಸ್ಕೋತ ಕುಂತೀರಿ. ಈ ವರ್ಷದಾಗ ಒಬ್ಬ ಮಾಸ್ಟರ್‌ನ ಸೋಲಿಸಿದ್ರ ಶನಿವಾರ ನಿಮ್ದು, ಜನ್ಮದಾಗ ಕೇಳಂಗಿಲ್ಲ. ಇಲ್ಲಂದ್ರ ಶನಿವಾರ ನಂದು. ನೀವು ಮಷಿನ್ ಮುಂದ, ನಾ ಸೋಫಾದ ಮ್ಯಾಲ. ಅಕ್ಕಾರ, ನೀವ ಹೇಳ್ರಿ, ಇದು ನ್ಯಾಯ ಹೌದೋ ಅಲ್ಲೋ?"

ನ್ಯಾಯವೇ ಆಗಿತ್ತು. ನಾನು ತಲೆಯಾಡಿಸಿದೆ. ಸಾಹೇಬರೂ ಒಪ್ಪಿದರು. ಶನಿವಾರ ಹೋದರೆ ಆಟವೇ ಹೋದಂತೆ, ಏಕೆಂದರೆ ಶನಿವಾರ ಆಡದವರಿಗೆ ಭಾನುವಾರದ ಸುತ್ತುಗಳಲ್ಲಿ ಆಡುವ ಹಾಗಿಲ್ಲ. ಆ ವರ್ಷ ಇಬ್ಬರು ಮಾಸ್ಟರರ ಎದುರು ಕೂತರು, ಎರಡೂ ಸೋತರು. ಡಿಸೆಂಬರ್ ಬಂತು. ವರ್ಷದ ಕೊನೆಯ ಪಂದ್ಯಾವಳಿ, ಕೊನೆಯ ಸುತ್ತು, ಭಾನುವಾರ ಮಧ್ಯಾಹ್ನ. ಜೋಡಿ ಪಟ್ಟಿ ಬಂದಾಗ ಖಾದರ್ ಸಾಹೇಬರ ಎದುರು ಗ್ರೆಗ್ ಎಂಬ ಮಾಸ್ಟರ್. ಶಾಲೆಯಲ್ಲಿ ಬ್ಯಾಂಡ್ ಕಲಿಸುವ, ಒಳ್ಳೆಯ, ಸ್ವಲ್ಪ ಸಿಡುಕಿನ ಮನುಷ್ಯ.

ಮೂರು ಗಂಟೆಯ ಹೊತ್ತಿಗೆ ಆ ಮೇಜಿನ ಹಿಂದೆ ಹಾದುಹೋದವಳು ಅಲ್ಲೇ ನಿಂತೆ. ಸಾಹೇಬರಿಗೆ ಎರಡು ಕಾಲಾಳು ಹೆಚ್ಚಿದ್ದವು. ಆನೆ ನಡೆಸಿದರೆ ಮುಗಿಯಿತು, ಗ್ರೆಗ್ ಕೈಚಾಚಿ ಸೋಲೊಪ್ಪಬೇಕು. ನೋಡುತ್ತ ನಿಂತರೆ ಗೆಲ್ಲುವ ನಡೆ ಇದೆಯೆಂದು ನನ್ನ ಮುಖದಲ್ಲಿ ಗೊತ್ತಾಗಿಬಿಡುತ್ತದೆ ಎಂದು ಬೇಗ ದೂರ ಹೋದೆ. ಹತ್ತು ಹೆಜ್ಜೆ ಹೋಗಿರಲಿಲ್ಲ, ಗ್ರೆಗ್ ಕೈ ಎತ್ತಿದರು.

"ಇವರು ರಾಜನನ್ನು ಮುಟ್ಟಿದರು. ಮುಟ್ಟಿ, ಸಾರಿ ಎಂದು ಕೈ ಬಿಟ್ಟರು. ಮುಟ್ಟಿದ ಮೇಲೆ ರಾಜನನ್ನೇ ನಡೆಸಬೇಕು."

ಚೆಸ್‌ನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮನೆಯ ನಡುವೆ ನೆಟ್ಟಗೆ ಇಡುವುದಕ್ಕಷ್ಟೇ ಮುಟ್ಟುವುದಾದರೆ, ಮೊದಲು ಹಾಗೆಂದು ಬಾಯಿಬಿಟ್ಟು ಹೇಳಬೇಕು. ಇಲ್ಲಿಯವರು ‘ಅಡ್ಜಸ್ಟ್’ ಎನ್ನುತ್ತಾರೆ, ಆದರೆ ಇಂಗ್ಲಿಷಿನಲ್ಲೇ ಹೇಳಬೇಕೆಂದೇನಿಲ್ಲ. ಇದರ ಬಗ್ಗೆಯೂ ಓಟ್ಟೋ ಒಂದು ಕಥೆ ಹೇಳಿದ್ದರು. ಅವರ ಮಾಸ್ಟರ್ ಪರದೇಶದ ಒಂದು ಪಂದ್ಯದಲ್ಲಿ ಕಾಯಿ ನೆಟ್ಟಗಿಡುವ ಮುನ್ನ ಅದನ್ನು ತಮ್ಮ ವಿಯೆನ್ನಾದ ಆಡುಮಾತಿನಲ್ಲಿ ಹೇಳಿದರಂತೆ. ತೀರ್ಪುಗಾರನಿಗೆ ಅರ್ಥವಾಗಲಿಲ್ಲ, ಕಾಯಿ ನಡೆಸು ಎಂದ, ಗೆದ್ದ ಆಟ ಹೋಯಿತು. ಎಷ್ಟು ನಿಜವೋ ಎಷ್ಟು ಒಗ್ಗರಣೆಯೋ ತಿಳಿಯದು. ಆದರೆ ಅದನ್ನು ಹೇಳುವಾಗೆಲ್ಲ ಓಟ್ಟೋ ನನ್ನತ್ತ ತಿರುಗಿ ಮೇಜು ಕುಟ್ಟುತ್ತಿದ್ದರು. "ಮಿಸೆಸ್ ರಾವ್, ಕೇಳಬೇಕಿತ್ತು! ಒಂದು ಪ್ರಶ್ನೆ ಕೇಳಬೇಕಿತ್ತು. ಒಂದೇ. ಎರಡನೆಯದು ಕೇಳಿದರೆ ನೀವು ಅವನ ವಕೀಲೆ."

ಗ್ರೆಗ್ ಹೇಳಿದ್ದು ಕೇಳಿದ ಕೂಡಲೇ ನನಗೆ ಹೊಳೆಯಿತು. ಸಾಹೇಬರು ಸಾರಿ ಎಂದಿರಲಿಲ್ಲ, ಸರಿ ಎಂದಿದ್ದರು. ಇಡೀ ಹಾಲ್‌ನಲ್ಲಿ ಈ ಎರಡು ಪದಗಳ ವ್ಯತ್ಯಾಸ ತಿಳಿದವರು ನಾವಿಬ್ಬರೇ. ಅದರಲ್ಲೂ ಸರಿ ಎಂದರೆ ಎಷ್ಟು ಅರ್ಥ! ನೆಟ್ಟಗೆ ಇಡುತ್ತೇನೆ ಎಂಬ ಅರ್ಥದಲ್ಲಿ ಸರಿ ಎಂದಿದ್ದರೆ ಸಾಹೇಬರು ಗೆದ್ದಂತೆ. ಆಗಲಿ, ಇದನ್ನೇ ನಡೆಸೋಣ ಎಂದು ತಮಗೆ ತಾವೇ ಸರಿ ಎಂದಿದ್ದರೆ ರಾಜ ನಡೆಯಬೇಕು, ಗೆಲುವು ಕೈಬಿಟ್ಟಂತೆ. ಗಾಜಿನ ಬಾಗಿಲಾಚೆ ಜೈನಾಬಿ ಡಬ್ಬಿ ಹಿಡಿದು ನಿಂತಿದ್ದರು.

ನಾನು ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದೆ. "ಕಾಯಿ ಮುಟ್ಟುವಾಗ ನೀವು ಹೇಳಿದ ಮಾತಿನ ಅರ್ಥವೇನು?"

ಇಲ್ಲೊಂದು ಸಂಗತಿ ಒಪ್ಪಿಕೊಳ್ಳಬೇಕು. ನಾನು ತೀರ್ಪುಗಾರ್ತಿ, ನನಗೆ ಪಕ್ಷವಿಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವಳು, ಆಗ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ನೆಟ್ಟಗೆ ಇಡೋಕೆ ಅಂತ ಹೇಳಿ ಸಾಹೇಬ್ರೇ, ಜನ್ಮವೆಲ್ಲ ಬಟ್ಟೆ ಸರಿಮಾಡಿದವರು ನೀವು, ಯಾರು ತಾನೆ ನಂಬುವುದಿಲ್ಲ, ಹೇಳಿಬಿಡಿ ಎಂದು.

ಗಾಬರಿಯಲ್ಲಿ ಅವರಿಗೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ನನ್ನ ಮುಖ ನೋಡಿ ಕನ್ನಡದಲ್ಲೇ ಹೇಳಿದರು. "ಸರಿ ಅಂದ್ನಿ ನೋಡ್ರಿ ಅಕ್ಕಾರ. ಅರಸನ್ನ ನಡಸೂದ ಸರಿ ಅಂತ ನನಗ ನಾನ ಹೇಳ್ಕೊಂಡ್ನಿ. ಕೈ ಇಟ್ಟ ಮ್ಯಾಲ ಆನಿ ಕಾಣ್ತು. ತಪ್ಪು ನಂದ ಐತ್ರಿ."

"ಏನಂದರು?" ಎಂದು ಗ್ರೆಗ್ ಕೇಳಿದರು.

ಸುಳ್ಳು ಹೇಳುವ ಅವಕಾಶ ಈಗ ಸಾಹೇಬರಿಂದ ನನಗೆ ಬಂತು. ಅನುವಾದ ಮಾಡಬೇಕಾದವಳು ನಾನೊಬ್ಬಳೇ. ‘ಅಡ್ಜಸ್ಟ್’ ಎಂಬ ಒಂದು ಪದ ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದಿತ್ತು ಎಂದು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ತಡೆದದ್ದು ನನ್ನ ದೊಡ್ಡತನವಲ್ಲ. ದಿನಾ ಇಂಗ್ಲಿಷ್ ಗಿರಾಕಿಗಳ ಜೊತೆ ಮಾತಾಡುವ ಸಾಹೇಬರಿಗೆ ನಾನು ಹೇಳುವುದು ಅರ್ಥವಾಗುತ್ತದೆ ಎಂಬುದು ನೆನಪಾಯಿತು. ಅಷ್ಟು ಕಷ್ಟಪಟ್ಟು ಹೇಳಿದ ಸತ್ಯವನ್ನು ಅವರ ಕಣ್ಣೆದುರೇ ಹಾಳುಮಾಡಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿ, "ರಾಜ ನಡೆಯಬೇಕು" ಎಂದೆ.

ಗ್ರೆಗ್ "ಥ್ಯಾಂಕ್ ಯು, ಸರ್" ಎಂದರು. ಹೇಳಿದ್ದು ನನಗಲ್ಲ, ಸಾಹೇಬರಿಗೆ.

ರಾಜ ನಡೆದ. ಹೆಚ್ಚಿದ್ದ ಎರಡು ಕಾಲಾಳೂ ಒಂದರ ಹಿಂದೊಂದು ಹೋದವು. ಇನ್ನೇನು ಸೋತೇಬಿಟ್ಟರು ಎಂದುಕೊಂಡೆ. ಆದರೆ ಖಾದರ್ ಸಾಹೇಬರು ಪಟ್ಟು ಬಿಡದೆ ಕೂತರು. ಎರಡು ಗಂಟೆ ಕಾಲ ಒಂದೊಂದು ನಡೆಯನ್ನೂ ಹೊಲಿಗೆ ಬಿಚ್ಚಿ ನೋಡುವ ಹಾಗೆ ನೋಡಿ ಆಡಿದರು. ಉಳಿದ ಮೇಜುಗಳೆಲ್ಲ ಖಾಲಿಯಾದವು. ಕುರ್ಚಿ ಮಡಿಸುವವನು ಬಂದು, ಕೆಲಸ ಬಿಟ್ಟು ನೋಡುತ್ತ ನಿಂತ. ಕೊನೆಗೆ ಹಲಗೆಯ ಮೇಲೆ ಉಳಿದದ್ದು ಎರಡು ರಾಜರು ಮಾತ್ರ. ಡ್ರಾ. ಇಬ್ಬರಿಗೂ ಅರ್ಧರ್ಧ ಅಂಕ. ಗ್ರೆಗ್ ಎದ್ದು ನಿಂತು ಎರಡೂ ಕೈಗಳಿಂದ ಅವರ ಕೈ ಕುಲುಕಿದರು.

ಲಾಬಿಗೆ ಬಂದೆವು. ಜೈನಾಬಿ ಸೋಫಾದಿಂದ ಎದ್ದರು.

"ಗೆದ್ರ್ಯಾ?"

"ಡ್ರಾ ಆತು" ಎಂದರು ಸಾಹೇಬರು, ತಲೆ ತಗ್ಗಿಸಿ.

"ಡ್ರಾ ಅಂದ್ರ?"

"ಅಂವನೂ ಗೆಲ್ಲಲಿಲ್ಲ, ನಾನೂ ಸೋಲಲಿಲ್ಲ."

"ಅಂದ್ರ ನಮ್ಮ ಮದುವಿ ಇದ್ದಂಗ" ಎಂದರು ಜೈನಾಬಿ.

ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಕೋಟು ಹಾಕಿಕೊಂಡು ಹೊರಟಿದ್ದ ಗ್ರೆಗ್ ಜೈನಾಬಿಯ ಬಳಿ ನಿಂತು, "ನಿಮ್ಮ ಯಜಮಾನರು ಇವತ್ತು ಒಂದು ಸಣ್ಣ ಸುಳ್ಳು ಹೇಳಿದ್ದರೆ ನನ್ನನ್ನು ಸೋಲಿಸುತ್ತಿದ್ದರು" ಎಂದು ಹೇಳಿ ಹೋದರು. ಜೈನಾಬಿ ನನ್ನ ಕಡೆ ತಿರುಗಿದರು. "ಖರೇ ಏನ್ರಿ ಅಕ್ಕಾರ?"

"ಖರೇ" ಎಂದೆ.

ಆಕೆ ಗಂಡನ ಕಡೆ ನೋಡಿದರು. ಸಾಹೇಬರು ತಮ್ಮ ಶೂ ನೋಡುತ್ತಿದ್ದರು. ಜೈನಾಬಿಯ ಕಣ್ಣು ತುಂಬಿದ್ದನ್ನು ನಾನು ಕಂಡೆ, ಸಾಹೇಬರು ಕಾಣಲಿಲ್ಲ. ಆಮೇಲೆ ಆಕೆ ಡಬ್ಬಿಯನ್ನು ಕಂಕುಳಿಗೇರಿಸಿ ತೀರ್ಪು ಹೇಳಿದರು.

"ಪೂರಾ ಗೆದ್ರ ಪೂರಾ ಶನಿವಾರ ಅಂದಿದ್ನಿ. ಅರ್ಧಾ ಗೆದ್ದೀರಿ, ಅರ್ಧಾ ತಗೋರಿ. ಒಂದು ವಾರ ಆಟ, ಒಂದು ವಾರ ಮಷಿನ್. ನಡೀರಿ, ಊಟ ಆರೇತಿ."

ಮೂವತ್ತು ವರ್ಷ ನಿಯಮದ ಪುಸ್ತಕ ಹಿಡಿದು ನಾನು ಕೊಟ್ಟ ತೀರ್ಪುಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಒಂದೂ ಇಲ್ಲ. ಕೊಟ್ಟಾಕೆಗೆ ಕುದುರೆ ಹೇಗೆ ನಡೆಯುತ್ತದೆ ಎಂದೂ ಗೊತ್ತಿರಲಿಲ್ಲ.

ಖಾದರ್ ಸಾಹೇಬರು ಮೆಲ್ಲಗೆ ನನ್ನ ಹತ್ತಿರ ಸರಿದು, "ಅಕ್ಕಾರ, ಇದಕ್ಕ ಅಪೀಲ್ ಇಲ್ಲೇನ್ರಿ?" ಎಂದು ಪಿಸುಗುಟ್ಟಿದರು.

"ಕಾರಿನ ಕೀ ಅವರ ಕೈಲಿದೆ ಸಾಹೇಬ್ರೇ" ಎಂದೆ. "ಬೇಗ ಹೋಗಿ."

ಅವರು ನಗುತ್ತ, ಪಾರ್ಕಿಂಗ್ ಲಾಟಿನ ಹಿಮದಲ್ಲಿ ಹೆಂಡತಿಯ ಹಿಂದೆ ಓಡಿದರು.